ಕುರಿ ಕಾಯೋಕೆ ಕತ್ತೆ: ಎರಡು ವರ್ಷ ಸಾಕಿದ ಮೇಲೆ

"ಓದದಿದ್ರೆ ಕತ್ತೆ ಕಾಯೋಕೆ ಹೋಗ್ತೀಯ" ಅಂತ ಅಪ್ಪ ಬೈಯುತ್ತಿದ್ದರು. ಈಗ ನಮ್ಮ ತೋಟದಲ್ಲಿ ಕತ್ತೆಯೇ ಕುರಿ ಕಾಯುತ್ತಿದೆ.

ಬನ್ನೇರುಘಟ್ಟ ದಾಟಿ ಆನೇಕಲ್ ಕಡೆ ಹೋಗುವಾಗ ನಮ್ಮದು ಒಂದೂವರೆ ಎಕರೆ, 22 ಬನ್ನೂರು ಕುರಿ. ಸುತ್ತ ಲೇಔಟುಗಳು ಎದ್ದ ಮೇಲೆ ಬೀದಿನಾಯಿ ಜಾಸ್ತಿಯಾದವು. ಒಂದೇ ಮಧ್ಯಾಹ್ನ ನಾಲ್ಕು ಮರಿ ಹೋದವು. ತಿನ್ನಲೂ ಇಲ್ಲ, ಸುಮ್ನೆ ಕಚ್ಚಿ ಎಸೆದು ಹೋಗಿದ್ದವು.

ಆಗ ಅಕ್ಕನ ಮಗಳು ಆಸ್ಟ್ರೇಲಿಯಾದಿಂದ ಅಲ್ಪಾಕಾ ವಿಡಿಯೋ ಕಳಿಸಿದಳು. ಒಂಟೆಯ ನೆಂಟ, ಉದ್ದ ಕತ್ತು, ಮೈತುಂಬ ಉಣ್ಣೆ. ಬೀಜ ಒಡೆಸಿದ ಗಂಡುಗಳನ್ನು ಮರಿ ಹಾಕುವ ಕಾಲಕ್ಕೆ ಕುರಿಗಳ ಜೊತೆ ಬಿಡುತ್ತಾರಂತೆ. ನರಿ ಕಂಡರೆ ಕತ್ತು ನಿಗುರಿಸಿ ಕಿರುಚುತ್ತವೆ, ಅಟ್ಟಿಸಿಕೊಂಡು ಹೋಗಿ ಮುಂಗಾಲಲ್ಲಿ ತುಳಿಯುತ್ತವೆ. ಮನುಷ್ಯರೇ ಬಾಟಲಿ ಹಾಲು ಕುಡಿಸಿ ಮುದ್ದು ಮಾಡಿ ಬೆಳೆಸಿದ ಗಂಡು ಮಾತ್ರ ಅಪಾಯ. ದೊಡ್ಡದಾದ ಮೇಲೆ ನಮ್ಮನ್ನೂ ತನ್ನ ಜಾತಿಯೇ ಅಂದುಕೊಂಡು ಎದೆಗೆ ಗುದ್ದಲು ಬರುತ್ತೆ. ನೋಡಲು ಚೆನ್ನಾಗಿದೆ, ಆದರೆ ಅದು ನರಿಗೆ ಸರಿ. ನಾಯಿ ಗುಂಪು ಬಿದ್ದರೆ ಅಲ್ಪಾಕಾವೇ ಉಳಿಯಲ್ಲ. ನಮ್ಮ ಕಷ್ಟ ನಾಯಿಯದ್ದು.

ನಮ್ಮ ಪಶು ಡಾಕ್ಟರಿಗೆ ಇದನ್ನೇ ತೋರಿಸಿದೆ. "ಅಷ್ಟು ದೂರ ಯಾಕೆ ಸಾರ್? ಒಂದು ಹೆಣ್ಣು ಕತ್ತೆ ಬಿಡಿ" ಅಂದರು. ಕತ್ತೆಗೆ ನಾಯಿ, ನರಿ ಅಂದರೆ ಹುಟ್ಟಿನಿಂದಲೇ ಆಗದು. ಗಂಡು ತಗೊಂಡರೆ ಕುರಿಯನ್ನೇ ಕಚ್ಚೋದುಂಟು. ಎರಡು ತಂದರೆ ಅವೆರಡೇ ಜೊತೆಯಾಗಿ ಕುರಿ ಮರೆತುಬಿಡುತ್ತವೆ. ಅದಕ್ಕೇ ಒಂದೇ ಹೆಣ್ಣು.

ನಮ್ಮ ಬೀದಿಗಳಲ್ಲಿ "ಕತ್ತೆ ಹಾಲು, ಕತ್ತೆ ಹಾಲೂ" ಅಂತ ಕೂಗಿಕೊಂಡು ಬರುತ್ತಾರಲ್ಲ, ಅಂಥವರೊಬ್ಬರಿಂದ ₹18,000ಕ್ಕೆ ತಗೊಂಡೆ. ಹೆಸರು ಚೆಲುವಿ. ನಾನಿಟ್ಟದ್ದಲ್ಲ, ಬರುವಾಗಲೇ ಇತ್ತು.

ಮೊದಲ ತಿಂಗಳು ದುಡ್ಡು ನೀರಿಗೆ ಹಾಕಿದೆ ಅಂತಲೇ ಅನ್ನಿಸಿತು. ರೊಪ್ಪದ ಪಕ್ಕ ಬೇರೆ ಕಟ್ಟಿದ್ದೆ, ಮಧ್ಯೆ ಬರೀ ಬೇಲಿ. ಕುರಿಗಳು ಆ ಮೂಲೆಗೆ, ಇದು ಈ ಮೂಲೆಗೆ. ಐದನೇ ವಾರ ಒಂದು ಮುದಿ ಕುರಿ ಬೇಲಿಗೆ ಒರಗಿ ಮಲಗಿತ್ತು, ಆಚೆ ಬದಿಯಲ್ಲಿ ಚೆಲುವಿ ನಿಂತು ತೂಕಡಿಸುತ್ತಿತ್ತು. ಮಾರನೇ ದಿನ ಬೇಲಿ ತೆಗೆದೆ.

ಕೆಲಸ ಕಣ್ಣಾರೆ ಕಂಡದ್ದು ಮೂರನೇ ತಿಂಗಳು. ಸಂಜೆ ಆರರ ಹೊತ್ತು, ಹುರುಳಿ ಹೊಲದ ಕಡೆಯಿಂದ ಮೂರು ನಾಯಿ ತಂತಿ ಕೆಳಗೆ ನುಸುಳಿದವು. ಚೆಲುವಿ ಮೇಯುತ್ತಿದ್ದದ್ದು ತಲೆ ಎತ್ತಿತು. ಎರಡು ಕಿವಿಯೂ ಹಿಂದಕ್ಕೆ ಅಂಟಿಕೊಂಡವು. ಅರಚಲೇ ಇಲ್ಲ, ತಲೆ ನೆಲದ ಮಟ್ಟಕ್ಕೆ ತಗ್ಗಿಸಿ ನೇರ ಓಡಿತು. ಮುಂದಿದ್ದ ನಾಯಿಯ ಬೆನ್ನ ಮೇಲಿನ ಚರ್ಮಕ್ಕೆ ಬಾಯಿ ಹಾಕಿ ಒಮ್ಮೆ ಜಾಡಿಸಿತು. ಉಳಿದೆರಡು ಆಗಲೇ ತಂತಿ ಆಚೆ. ಅರಚಾಟ ಶುರುವಾದದ್ದು ಆಮೇಲೆ, ಹತ್ತು ನಿಮಿಷ. ಈಗ ಅದು ಕಿವಿ ನಿಮಿರಿಸಿದರೆ ಸಾಕು, ಕುರಿಗಳೆಲ್ಲ ಓಡಿ ಬಂದು ಅದರ ಹಿಂದೆ ಸೇರುತ್ತವೆ. ಅಂದಿನಿಂದ ನಾಯಿಗೆ ಒಂದು ಮರಿಯೂ ಹೋಗಿಲ್ಲ.

ಕುರಿ ಮೇಲಿನ ಪ್ರೀತಿ ಅಂತ ನನಗೇನೂ ಅನ್ನಿಸಲ್ಲ. ನಾಯಿ ಮೇಲಿನ ಸಿಟ್ಟು, ಅಷ್ಟೇ. ನಮ್ಮ ಟಾಮಿ ಎಂಟು ವರ್ಷದಿಂದ ಮನೆಯಲ್ಲಿದ್ದಾನೆ, ಅವನನ್ನೂ ಬಿಡಲ್ಲ. ಪಾಪ, ಅವನೀಗ ಗೇಟಿನ ಆಚೆಯೇ ವಾಸ.

ಇನ್ನು ತೊಂದರೆಗಳು. ಮೊದಲ ಸಲ ಕುರಿ ಮರಿ ಹಾಕಿದಾಗ ಚೆಲುವಿ ಹೊಸ ಮರಿಯನ್ನು ಮೂಸಿ, ಕಾಲಲ್ಲಿ ಕೆದಕಿ ಉರುಳಿಸಿತು. ಕೂಗಿಕೊಂಡು ಓಡಿ ಎತ್ತಿಕೊಂಡೆ. ಈಗ ಮರಿ ಹಾಕುವ ಕುರಿಯನ್ನು ಒಂದು ವಾರ ಬೇರೆ ಇಡುತ್ತೇನೆ.

ಮೇವಿನದ್ದು ಇನ್ನೂ ದೊಡ್ಡ ವಿಷಯ. ಕೋಳಿಗೆ, ಕೆಲವೊಮ್ಮೆ ಕುರಿಗೆ ಕೊಡುವ ಫೀಡಿನಲ್ಲಿ ಮೊನೆನ್ಸಿನ್ ಅನ್ನೋ ಔಷಧಿ ಬೆರೆಸಿರುತ್ತಾರೆ. ಕುದುರೆ, ಕತ್ತೆಗೆ ಅದು ವಿಷ, ಹೃದಯವನ್ನೇ ಹಾಳು ಮಾಡುತ್ತೆ. ನಾನು ಕೋಳಿ ಫೀಡಿನ ಮೂಟೆಯನ್ನು ಇದರ ಬಾಯಿಗೆ ಸಿಗುವ ಹಾಗೆ ಇಟ್ಟಿದ್ದೆ! ಡಾಕ್ಟರ್ ನೋಡಿ ಬೈದ ಮೇಲೆ ಬೀಗ ಹಾಕಿದೆ. ಅದಕ್ಕೆ ರಾಗಿ ಹುಲ್ಲು ಸಾಕು, ಹಿಂಡಿ ಕೊಟ್ಟರೆ ಸುಮ್ನೆ ಕೊಬ್ಬುತ್ತೆ.

ಗೊರಸು ಎರಡು ತಿಂಗಳಿಗೊಮ್ಮೆ ಕತ್ತರಿಸಬೇಕು. ಕುದುರೆಗೆ ಲಾಳ ಹೊಡೆಯುವವರನ್ನು ಕರೆದೆ. ಕತ್ತೆ ಅಂದ ಕೂಡಲೇ ಒಬ್ಬರು ನಕ್ಕು ಫೋನ್ ಇಟ್ಟರು. ಎರಡನೆಯವರು ಬಂದರು, ಹೋಗಿ ಬರುವ ಖರ್ಚು ಸೇರಿ ₹1,200.

ಚಿರತೆಗೆ ಮಾತ್ರ ಇದನ್ನು ನಂಬಬೇಡಿ. ನಮ್ಮ ಕಡೆ ಕಾಡು ಹತ್ತಿರ, ಚಿರತೆಗೆ ಕತ್ತೆಯೂ ಊಟವೇ. ಕತ್ತಲಾಗುವ ಮುಂಚೆ ಕುರಿ, ಕತ್ತೆ ಎಲ್ಲವೂ ಮೆಶ್ ಹಾಕಿದ ರೊಪ್ಪದೊಳಗೆ.

5ಕ್ಕೆ 3.5 ಕೊಡುತ್ತೇನೆ. ಅರ್ಧ ಕಳೆದದ್ದು ಟಾಮಿಗಾಗಿ, ಒಂದು ಪೂರ್ತಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಾಡುವುದಕ್ಕೆ. ಪಕ್ಕದ ಲೇಔಟಿನವರು ಜಗಳಕ್ಕೇ ಬಂದಿದ್ದರು. ಕಳೆದ ತಿಂಗಳು ಅದೇ ಮನೆಯ ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡು ಬಂದು, "ಒಂದು ಚಮಚ ಹಾಲು ಸಿಗುತ್ತಾ ಮಗಾ?" ಅಂತ ಕೇಳಿದರು. ಮರಿ ಹಾಕಿಲ್ಲ, ಹಾಲೆಲ್ಲಿಂದ ಬರಬೇಕು ಅಜ್ಜಿ ಅಂದೆ.