ಪರದೆ ಮೇಲೆ ಅದೇ ಪಟ್ಟೆ, ಹಿಂದಿನ ಬೆವರು ಬೇರೆ

ಹಳೆಯ ಕಂಪ್ಯೂಟರ್‌ಗಳ ಡೆಮೋ (ಯಂತ್ರದ ತಾಕತ್ತು ತೋರಿಸಲು ಚಿತ್ರ, ಸಂಗೀತ ಸೇರಿಸಿ ಬರೆದ ಪುಟ್ಟ ಪ್ರೋಗ್ರಾಂ) ಸ್ಪರ್ಧೆಗೆ ಮೊದಲ ಸಲ ಅಂಕ ಕೊಡಲು ಕೂತಾಗ ತಲೆ ಕೆಟ್ಟುಹೋಯಿತು. ನಾಲ್ಕು ಬೇರೆ ಬೇರೆ ಯಂತ್ರಗಳ ಡೆಮೋಗಳು ಒಂದೇ ವಿಭಾಗದಲ್ಲಿ ಬಂದಿದ್ದವು. ನಾಲ್ಕರಲ್ಲೂ ಅಡ್ಡ ಬಣ್ಣದ ಪಟ್ಟೆಗಳು ಮೇಲೆ ಕೆಳಗೆ ತೇಲಾಡುತ್ತಿದ್ದವು. ಯಾವುದಕ್ಕೆ ಜಾಸ್ತಿ ಕೊಡೋದು? ಆವತ್ತು ಚೆನ್ನಾಗಿ ಕಂಡದ್ದಕ್ಕೆ ಕೊಟ್ಟೆ. ಅದು ತಪ್ಪು ಅಂತ ಆಮೇಲೆ ಅನ್ನಿಸಿತು. ಮುಂದಿನ ಸಲ ಕೂರುವ ಮುಂಚೆ ಅದೇ ಪಟ್ಟೆಗಳನ್ನು ನಾಲ್ಕೂ ಯಂತ್ರಗಳಲ್ಲಿ ನಾನೇ ಬರೆದು ನೋಡಿದೆ.

ಅಮಿಗಾ 500ರಲ್ಲಿ ಅರ್ಧ ಗಂಟೆಯ ಕೆಲಸ. ಪರದೆಯ ಚಿತ್ರವನ್ನು ಕಿರಣವೊಂದು ಮೇಲಿಂದ ಕೆಳಗೆ ಗೆರೆ ಗೆರೆಯಾಗಿ ಬರೆಯುತ್ತದೆ, ಅಂಥ ಒಂದು ಪೂರ್ತಿ ಚಿತ್ರವೇ ಫ್ರೇಮ್. ಅಮಿಗಾದೊಳಗೆ ಕಾಪರ್ ಅಂತ ಒಂದು ಪುಟ್ಟ ಸಹಾಯಕ ಇದೆ. ಇಂಥ ಗೆರೆ ಬಂದಾಗ ಇಂಥ ಬಣ್ಣ ಹಾಕು ಎಂದು ಬರೆದು ಕೊಟ್ಟರೆ ಸಾಕು, ಪ್ರತಿ ಫ್ರೇಮ್‌ನಲ್ಲೂ ಅದೇ ನೋಡಿಕೊಳ್ಳುತ್ತದೆ. 4096 ಬಣ್ಣಗಳಲ್ಲಿ ಬೇಕಾದ್ದು ಆರಿಸಬಹುದು. ಮುಖ್ಯ ಪ್ರೊಸೆಸರ್‌ಗೆ ಹೆಚ್ಚುಕಮ್ಮಿ ಕೆಲಸವೇ ಇಲ್ಲ.

ಅಟಾರಿ ಎಸ್‌ಟಿಯಲ್ಲೂ ಅದೇ 68000 ಪ್ರೊಸೆಸರ್, 8 ಮೆಗಾಹರ್ಟ್ಸ್, ಅಮಿಗಾಗಿಂತ ಸ್ವಲ್ಪ ವೇಗ ಜಾಸ್ತಿಯೇ. ಆದರೆ ಕಾಪರ್ ಇಲ್ಲ. ಗೆರೆ ಎಣಿಸುವ ಟೈಮರ್ ಒಂದನ್ನು ಇಟ್ಟುಕೊಂಡು, ಅದು ಕರೆದಾಗಲೆಲ್ಲ ಪ್ರೊಸೆಸರ್ರೇ ಓಡಿ ಬಂದು ಬಣ್ಣ ಬದಲಿಸಬೇಕು. ಒಂದು ಸಂಜೆ ಹಿಡಿಯಿತು.

ಕಮೊಡೋರ್ 64 ನನ್ನ ಒಂದು ವಾರ ತಿಂದಿತು. ವೇಗ 1 ಮೆಗಾಹರ್ಟ್ಸ್‌ಗೂ ಒಂಚೂರು ಕಮ್ಮಿ, ಒಂದು ಗೆರೆಗೆ ಸಿಗೋದು 63 ಸೈಕಲ್, ಅಂದರೆ ಪ್ರೊಸೆಸರ್‌ನ 63 ಮಿಡಿತ. ಅದರಲ್ಲೂ ಪ್ರತಿ 8ನೇ ಗೆರೆಯಲ್ಲಿ ಚಿತ್ರದ ಚಿಪ್ಪು ಅಕ್ಷರಗಳನ್ನು ಓದಿಕೊಳ್ಳಲು 40ಕ್ಕೂ ಹೆಚ್ಚು ಸೈಕಲ್ ಕಿತ್ತುಕೊಳ್ಳುತ್ತದೆ, ಉಳಿದ 20 ಚಿಲ್ಲರೆಯಲ್ಲಿ ನಮ್ಮ ಕೆಲಸ ಮುಗಿಯಬೇಕು. ನನ್ನ ಪಟ್ಟೆಗಳು ಬಂದವು, ಆದರೆ ಬಣ್ಣ ಬದಲಾಗುವ ಜಾಗ ಚಳಿ ಹಿಡಿದವರ ಹಾಗೆ ನಡುಗುತ್ತಿತ್ತು. ಯಾಕೆಂದರೆ ನಡೆಯುತ್ತಿರುವ ಆಜ್ಞೆ ಮುಗಿಯದೆ ಪ್ರೊಸೆಸರ್ ಇಂಟರಪ್ಟ್‌ಗೆ (ಕೆಲಸ ನಿಲ್ಲಿಸಿ ಇತ್ತ ಬಾ ಎಂಬ ಕರೆಗೆ) ತಿರುಗಿ ನೋಡಲ್ಲ, ಒಂದು ಸಲ 2 ಸೈಕಲ್ ತಡ, ಇನ್ನೊಂದು ಸಲ 5. ಆ ನಡುಕ ನಿಲ್ಲಿಸಿದ ರಾತ್ರಿ ಆದ ಖುಷಿ ಈಗಲೂ ನೆನಪಿದೆ.

ಝಡ್‌ಎಕ್ಸ್ ಸ್ಪೆಕ್ಟ್ರಮ್ ಇನ್ನೂ ಕಷ್ಟ. ಗೆರೆ ಬಂತು ಅಂತ ಹೇಳುವವರೇ ಅಲ್ಲಿ ಇಲ್ಲ. ಫ್ರೇಮ್‌ಗೆ ಒಂದು ಇಂಟರಪ್ಟ್, ಅಷ್ಟೇ. ಅಲ್ಲಿಂದ ಗೆರೆಗೆ 224 ಸೈಕಲ್ ಲೆಕ್ಕದಲ್ಲಿ ನಾವೇ ಎಣಿಸಿಕೊಂಡು ಹೋಗಬೇಕು. ಬಾರ್ಡರ್‌ನಲ್ಲಿ, ಅಂದರೆ ಚಿತ್ರದ ಸುತ್ತಲಿನ ಅಂಚಿನಲ್ಲಿ, ಹೇಗೋ ಆಯಿತು. ಪರದೆಯ ಒಳಗೆ 8 ಬೈ 8 ಚುಕ್ಕಿಯ ಚೌಕಕ್ಕೆ ಎರಡೇ ಬಣ್ಣ ಎಂಬ ಕಟ್ಟು ಇದೆ. ಅದನ್ನು ಮುರಿಯಲು ಕಿರಣ ಗೆರೆಗೆ ಬರುವಷ್ಟರಲ್ಲಿ ಬಣ್ಣ ತಿದ್ದಿಟ್ಟಿರಬೇಕು. ಅದು ನನ್ನ ಕೈಲಿ ಪೂರ್ತಿ ಆಗಲಿಲ್ಲ.

ಹಾಗಾಗಿ ಈಗ ಅಮಿಗಾದ ಪಟ್ಟೆಗೆ ನಾನು ಅಂಕವೇ ಕೊಡಲ್ಲ. ಅಲ್ಲಿ ನೋಡೋದು ಬೇರೆ: ಬ್ಲಿಟರ್ ಎಂಬ ಇನ್ನೊಂದು ಸಹಾಯಕ ಚಿತ್ರ ತುಂಬುತ್ತಿರುವಾಗ ಪ್ರೊಸೆಸರ್ ಮುಂದಿನ ಫ್ರೇಮ್‌ನ ಲೆಕ್ಕ ಮಾಡುತ್ತಿದೆಯಾ, ಇಲ್ಲಾ ಕಾಯುತ್ತಾ ನಿಂತಿದೆಯಾ ಅಂತ. ಸ್ಪೆಕ್ಟ್ರಮ್ ಪರದೆಯ ಒಳಗೆ ಅದೇ ಪಟ್ಟೆ ಬಂದರೆ ಕೈತುಂಬ ಕೊಡುತ್ತೇನೆ. ಸಂಗೀತಕ್ಕೂ ಇದೇ ಮಾತು. ಅಮಿಗಾದಲ್ಲಿ ನಾಲ್ಕು ಚಾನೆಲ್ ರೆಕಾರ್ಡ್ ಮಾಡಿದ ಶಬ್ದ ಹುಟ್ಟಿನಿಂದಲೇ ಇದೆ. 48ಕೆ ಸ್ಪೆಕ್ಟ್ರಮ್‌ನಲ್ಲಿ ಇರೋದು ಆನ್, ಆಫ್ ಎರಡೇ ಗೊತ್ತಿರುವ ಬೀಪರ್, ಅದರಿಂದ ಮೂರು ಸ್ವರ ಒಟ್ಟಿಗೆ ಬಂದರೆ ಎದ್ದು ಕೂರಬೇಕು.

ಯಂತ್ರದ್ದೇ ಆದ ಗುಣ ತೋರಿಸುವುದರಲ್ಲಿ ನನ್ನ ಮೊದಲ ಮತ ಕಮೊಡೋರ್‌ಗೆ. ಬಾರ್ಡರ್ ತೆರೆಯುವ ಉಪಾಯವನ್ನೇ ನೋಡಿ. 25 ಸಾಲಿನ ಪರದೆ ಇದ್ದರೆ ಚಿಪ್ಪು 251ನೇ ಗೆರೆಯಲ್ಲಿ ಬಾರ್ಡರ್ ಹಾಕುತ್ತದೆ, 24 ಸಾಲಿದ್ದರೆ 247ರಲ್ಲಿ. 249ನೇ ಗೆರೆಯಲ್ಲಿ ಇರುವಾಗ 24 ಸಾಲು ಮಾಡು ಎಂದರೆ 247 ಆಗಲೇ ದಾಟಿಹೋಗಿದೆ, 251 ಈಗ ಲೆಕ್ಕಕ್ಕಿಲ್ಲ. ಬಾರ್ಡರ್ ಬರೋದೇ ಇಲ್ಲ! ಆ ಖಾಲಿ ಜಾಗದಲ್ಲಿ ಸ್ಪ್ರೈಟ್ ಎಂಬ ಪುಟ್ಟ ಚಿತ್ರಗಳನ್ನು ಓಡಾಡಿಸಬಹುದು. ಎಸ್‌ಟಿಯವರೂ ಪರದೆ ಬರೆಯುವ ವೇಗವನ್ನು 50 ಮತ್ತು 60 ಹರ್ಟ್ಸ್ ನಡುವೆ ಸರಿಯಾದ ಕ್ಷಣಕ್ಕೆ ಬದಲಿಸಿ ಬಾರ್ಡರ್ ತೆರೆಯುತ್ತಾರೆ, ನನ್ನ ಎರಡನೇ ಮತ ಅದಕ್ಕೆ.

ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ಪ್ರೋಗ್ರಾಂ ಸಾಕಾ, ನಿಜವಾದ ಯಂತ್ರ ಬೇಕಾ? ಎರಡರಲ್ಲೂ ನೋಡಿದ್ದೇನೆ. ಅಭ್ಯಾಸಕ್ಕೆ ಎಮ್ಯುಲೇಟರ್ ಧಾರಾಳ ಸಾಕು. ತೀರ್ಪಿಗೆ ಯಂತ್ರವೇ ಬೇಕು, ಅದೂ ಸರಿಯಾದ ಯಂತ್ರ. ಒಂದು ಸಲ ಒಂದು ಕಮೊಡೋರ್ ಡೆಮೋದಲ್ಲಿ ಡ್ರಮ್ ಕೇಳಿಸಲೇ ಇಲ್ಲ, ಸಂಗೀತಕ್ಕೆ ಕಮ್ಮಿ ಅಂಕ ಹಾಕಿದೆ. ಆಮೇಲೆ ಗೊತ್ತಾಯಿತು, ವಾಲ್ಯೂಮ್ ಮಟ್ಟವನ್ನು ಬೇಗಬೇಗ ಏರಿಸಿ ಇಳಿಸಿ ಹೊರಡಿಸುವ ಆ ಶಬ್ದ ಹಳೆಯ 6581 ಧ್ವನಿ ಚಿಪ್ಪಿನಲ್ಲಿ ಜೋರಾಗಿ ಬರುತ್ತದೆ, ನಮ್ಮ ಮೇಜಿನ ಮೇಲಿದ್ದ ಯಂತ್ರದ 8580 ಚಿಪ್ಪಿನಲ್ಲಿ ತೀರಾ ಕ್ಷೀಣ. ಹಳೆಯ ಚಿಪ್ಪಿನ ಯಂತ್ರ ತಂದು ಮತ್ತೆ ಹಾಕಿಸಿ ಅಂಕ ತಿದ್ದಿದೆ. ಡೆಮೋ ಕಳಿಸುವವರು ಯಾವ ಚಿಪ್ಪಿಗೆ ಬರೆದದ್ದು ಅಂತ ಒಂದು ಸಾಲು ಜೊತೆಗಿಡಿ, ಅದರ ಮೇಲೇ ಹಾಕಿ ಕೇಳುತ್ತೇನೆ.