ಹೆಡ್‌ಲೈಟ್ ಮಂಕಾದರೆ ಜಾಸ್ತಿ ವ್ಯಾಟ್‌ನ ಬಲ್ಬ್ ಹಾಕಿಸಬೇಡಿ

ಪಿಕಪ್ ಓಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಗಾಡಿಗೆ ಆದದ್ದು ನಿಮ್ಮ ಗಾಡಿಗೆ ಆಗಬಾರದು.

ಮೊದಲು ಎರಡೂ ಹೆಡ್‌ಲೈಟ್ ಮಂಕಾದವು. ಬೆಳಕು ಹಳದಿಗೆ ತಿರುಗಿತ್ತು. ಗುಂಡಿಗೆ ಚಕ್ರ ಇಳಿದಾಗಲೆಲ್ಲ ಮಿಣುಕುತ್ತಿತ್ತು. ಗ್ಯಾರೇಜಿನಲ್ಲಿ ಬಲ್ಬ್ ಹಳೆಯದಾಗಿದೆ ಎಂದು ಹೊಸದು ಹಾಕಿದರು. ಸ್ವಲ್ಪ ದಿನ ಪರವಾಗಿಲ್ಲ ಅನ್ನಿಸಿತು, ಮತ್ತೆ ಅದೇ ಕಥೆ. ಎರಡನೇ ಸಲ ಕೊಟ್ಟಾಗ ಲೈಟ್ ಝಗ್ ಅಂತ ಬಂತು. ಏನು ಮಾಡಿದರು ಅಂತ ಯಾರೂ ಹೇಳಲಿಲ್ಲ. ಗೊತ್ತಾದದ್ದು ಆಮೇಲೆ: ಕಂಪನಿಯ 60/55 ವ್ಯಾಟ್ (ಹೈ ಬೀಮಿಗೆ 60, ಲೋ ಬೀಮಿಗೆ 55) ಬಲ್ಬ್ ತೆಗೆದು 100/90 ವ್ಯಾಟ್‌ನದು ಹಾಕಿದ್ದರು. ಅದಕ್ಕೆ 15 ಆಂಪ್ ಫ್ಯೂಸ್ ತಡೆಯುವುದಿಲ್ಲ ಅಂತ 30 ಆಂಪ್‌ನದು ಕೂರಿಸಿದ್ದರು.

ಒಂದು ರಾತ್ರಿ ಲೋಡ್ ಇಟ್ಟುಕೊಂಡು ಬರುವಾಗ ಸ್ಟೇರಿಂಗ್ ಹತ್ತಿರ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಗಾಡಿ ನಿಲ್ಲಿಸೋಣ ಅಂದುಕೊಳ್ಳುವಷ್ಟರಲ್ಲಿ ಎರಡೂ ಲೈಟ್ ಒಟ್ಟಿಗೆ ಆರಿದವು. ಮುಂದೆ ತಿರುವು, ಹಿಂದೆ ಲಾರಿ. ಹಜಾರ್ಡ್ ಲೈಟ್ ಹಾಕಿ, ಬ್ರೇಕ್ ಮೆಲ್ಲಗೆ ಒತ್ತಿ, ಅಂದಾಜಿನ ಮೇಲೆ ರಸ್ತೆ ಅಂಚಿಗೆ ತಂದೆ. ಆ ಕೆಲವು ಕ್ಷಣ ಯಾರಿಗೂ ಬರಬಾರದು.

ಲೆಕ್ಕ ನೋಡಿ, ಕಷ್ಟವೇನಿಲ್ಲ. ವ್ಯಾಟನ್ನು ವೋಲ್ಟ್‌ನಿಂದ ಭಾಗಿಸಿದರೆ ಆಂಪ್ ಸಿಗುತ್ತದೆ. 12 ವೋಲ್ಟ್‌ನಲ್ಲಿ 60 ವ್ಯಾಟ್‌ನ ಎರಡು ಬಲ್ಬ್ 10 ಆಂಪ್ ಎಳೆಯುತ್ತವೆ. 100 ವ್ಯಾಟ್‌ನ ಎರಡಾದರೆ ಹತ್ತಿರ ಹತ್ತಿರ 17 ಆಂಪ್. ನನ್ನ ಗಾಡಿಯಲ್ಲಿ ಹೆಡ್‌ಲೈಟಿಗೆ ರಿಲೇ (ಸ್ವಿಚ್ಚಿನ ಬದಲು ತಾನೇ ಹೆಚ್ಚಿನ ಕರೆಂಟು ಹೊರುವ ಬಿಡಿಭಾಗ) ಇಲ್ಲ, ಅಷ್ಟೂ ಕರೆಂಟು ಸ್ಟೇರಿಂಗ್ ಪಕ್ಕದ ಸ್ವಿಚ್ಚಿನ ಮೂಲಕವೇ ಹೋಗಬೇಕು. ಸ್ವಿಚ್ ಒಳಗೇ ಕರಗಿಹೋಗಿತ್ತು, ಬಲ್ಬ್ ಹೋಲ್ಡರುಗಳೂ ಕಪ್ಪಾಗಿದ್ದವು. ಫ್ಯೂಸ್ ಇರುವುದೇ ವೈರ್ ಸುಡುವ ಮೊದಲು ತಾನು ಸುಟ್ಟುಹೋಗಲಿ ಅಂತ. ದೊಡ್ಡ ಫ್ಯೂಸ್ ಹಾಕಿದರೆ ಆ ಕಾವಲು ಹೋಯಿತು ಅಂತಲೇ ಅರ್ಥ. ಗಿರಾಕಿಗೆ ಹೇಳದೆ ಇದನ್ನು ಮಾಡುವುದು ದೊಡ್ಡ ತಪ್ಪು. ಇನ್ನೂ ಸ್ವಲ್ಪ ಹೊತ್ತಾಗಿದ್ದರೆ ಬೆಂಕಿಯೇ ಹತ್ತುತ್ತಿತ್ತೋ ಏನೋ.

ಅಸಲು ದೋಷ ಬಲ್ಬಿನದ್ದಾಗಿರಲೇ ಇಲ್ಲ. ಆಮೇಲೆ ನೋಡಿದ ಎಲೆಕ್ಟ್ರಿಷಿಯನ್ ಸ್ವಿಚ್, ಹೋಲ್ಡರ್ ಹೊಸದು ಹಾಕಿ, ಎಂಜಿನ್ ಚಾಲು ಇಟ್ಟು, ಲೈಟ್ ಹಾಕಿ, ಮಲ್ಟಿಮೀಟರ್ ಹಿಡಿದರು. ಬ್ಯಾಟರಿಯಲ್ಲಿ 13.8 ವೋಲ್ಟ್, ಬಲ್ಬಿನ ಪಿನ್ನುಗಳಲ್ಲಿ ಬರೀ 11.7. ಎರಡು ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿತ್ತು. ವೋಲ್ಟ್ ನೂರಕ್ಕೆ ಹತ್ತು ಇಳಿದರೂ ಹ್ಯಾಲೊಜೆನ್ ಬಲ್ಬಿನ ಬೆಳಕು ಸುಮಾರು ಮೂವತ್ತರಷ್ಟು ಇಳಿಯುತ್ತದೆ. ಇಲ್ಲಿ ಅದಕ್ಕಿಂತ ಜಾಸ್ತಿಯೇ ಇಳಿದಿತ್ತು, ಮಂಕಾಗದೆ ಇನ್ನೇನು? ಹುಡುಕಿದರೆ, ಎರಡೂ ಲೈಟಿನ ಅರ್ತ್ ವೈರ್ (ಕರೆಂಟು ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ದಾರಿ) ಗಾಡಿಯ ಬಾಡಿಗೆ ಸೇರುವ ಬೋಲ್ಟ್ ಕೆಳಗೆ ತುಕ್ಕು. ಬಿಚ್ಚಿ, ತಗಡು ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದರು. ಹಳೆಯ 60/55 ಬಲ್ಬೇ ಈಗ ಬೆಳ್ಳಗೆ ಉರಿಯುತ್ತಿದೆ.

ಹಾಗಾಗಿ ಎರಡೂ ಲೈಟ್ ಒಟ್ಟಿಗೆ ಮಂಕಾದರೆ ಬಲ್ಬಿಗಿಂತ ಮೊದಲು ಚಾರ್ಜಿಂಗ್, ಅರ್ತ್, ಸ್ವಿಚ್ ನೋಡಿಸಿ. ಒಂದೇ ಕಡೆ ತೊಂದರೆ ಇದ್ದರೆ ಆ ಬಲ್ಬ್, ಅದರ ಹೋಲ್ಡರ್, ಅದರ ವೈರ್. ಅಳತೆ ಮಾತ್ರ ಲೈಟ್ ಉರಿಯುತ್ತಿರುವಾಗಲೇ ಆಗಬೇಕು. ಬಲ್ಬ್ ಬಿಚ್ಚಿಟ್ಟು ನೋಡಿದರೆ ಒಂದೆಳೆ ಉಳಿದ ವೈರ್ ಕೂಡ ಪೂರ್ತಿ ವೋಲ್ಟ್ ತೋರಿಸುತ್ತದೆ, ಸುಮ್ನೆ ಮೋಸ ಹೋಗುತ್ತೀರಿ. ಮೀಟರಿನ ಒಂದು ಕಡ್ಡಿ ಬಲ್ಬಿನ ಅರ್ತ್ ಪಿನ್ನಿಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ ಇಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಕೆಟ್ಟಿದೆ.

ಗ್ಯಾರೇಜಿನಿಂದ ಗಾಡಿ ಬಿಡಿಸಿಕೊಳ್ಳುವಾಗ ಫ್ಯೂಸ್ ಡಬ್ಬಿ ತೆರೆದು ನೋಡಿ. ಬ್ಲೇಡ್ ಫ್ಯೂಸಿನಲ್ಲಿ 15 ಆಂಪ್ ನೀಲಿ, 30 ಆಂಪ್ ಹಸಿರು. ಡಬ್ಬಿಯ ಮುಚ್ಚಳದಲ್ಲಿ ಬರೆದದ್ದಕ್ಕೆ ಹೊಂದದಿದ್ದರೆ ಅಲ್ಲೇ ಬದಲಿಸಿ ಅನ್ನಿ. ಹಾಕಿದ ಬಲ್ಬಿನ ವ್ಯಾಟನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ತೆಗೆದ ಬಲ್ಬನ್ನು ವಾಪಸ್ ಕೇಳಿ.