ಮಾಜಿ ಸೈನಿಕನ ಜೇಬಿನಲ್ಲಿ ರೈಲ್ವೆಯ ದಿವ್ಯಾಂಗ ಕಾರ್ಡ್: ಬಹುಕಾಲದ ಬಳಕೆಯ ಮಾತು

ರೈಲಿನಲ್ಲಿ ನನಗೆ ರಿಯಾಯಿತಿ ಸಿಗುತ್ತಿರುವುದು ಸೈನ್ಯದಲ್ಲಿದ್ದೆ ಅನ್ನುವ ಕಾರಣಕ್ಕಲ್ಲ, ಎಡಗಾಲು ಮೊಣಕಾಲಿನ ಮೇಲಿನಿಂದಲೇ ಇಲ್ಲ ಅನ್ನುವ ಕಾರಣಕ್ಕೆ. ಮಾಜಿ ಸೈನಿಕರ ಗುರುತಿನ ಚೀಟಿ, ಪಿಪಿಒ (ಪಿಂಚಣಿ ಪಾವತಿ ಆದೇಶ), ಮೆಡಿಕಲ್ ಬೋರ್ಡ್ ಕೊಟ್ಟ ಅಂಗವೈಕಲ್ಯದ ಶೇಕಡಾವಾರು, ಇವೆಲ್ಲ ಪಿಂಚಣಿಗೆ ಸರಿ. ಟಿಕೆಟ್ಟಿಗೆ ಬೇಕಾದದ್ದು ರೈಲ್ವೆಯ ದಿವ್ಯಾಂಗಜನ ಕಾರ್ಡ್.

ಅದನ್ನು ಮಾಡಿಸುವುದೇ ತಲೆನೋವು. ಸರ್ಕಾರಿ ವೈದ್ಯರು ರೈಲ್ವೆಯ ನಮೂನೆಯಲ್ಲೇ ಬರೆದುಕೊಡಬೇಕು. ಅದರ ಜೀವಾಳ ಒಂದೇ ಸಾಲು: ಇವರು ಇನ್ನೊಬ್ಬರ ನೆರವಿಲ್ಲದೆ ಪ್ರಯಾಣ ಮಾಡಲಾರರು. ಆ ಮಾತಿಲ್ಲದಿದ್ದರೆ ನಿಮ್ಮ ಅಂಗವೈಕಲ್ಯ ಶೇಕಡಾ ಎಷ್ಟಿದ್ದರೂ ಪ್ರಯೋಜನವಿಲ್ಲ. ನಾನು ಹೋದ ಆಸ್ಪತ್ರೆಯ ವೈದ್ಯರು, "ನೀವು ಚೆನ್ನಾಗೇ ನಡೀತೀರಲ್ಲ ಸರ್" ಅಂದರು. ಕೃತಕ ಕಾಲು ಕಳಚಿ ಕುರ್ಚಿಗೆ ಒರಗಿಸಿ ಕೂತೆ. ಆಮೇಲೆ ಪೆನ್ನು ತೆಗೆದರು.

ಕಾರ್ಡ್ ಕೈಗೆ ಬಂದ ಮೇಲೆ ಸುಖ. ಸ್ಲೀಪರ್, ಥರ್ಡ್ ಎಸಿ, ಚೇರ್ ಕಾರ್‌ನಲ್ಲಿ ಶೇ. 75 ಕಡಿತ, ಸೆಕೆಂಡ್ ಮತ್ತು ಫಸ್ಟ್ ಎಸಿಯಲ್ಲಿ ಶೇ. 50. ರಾಜಧಾನಿ, ಶತಾಬ್ದಿಯ ಥರ್ಡ್ ಎಸಿ ಹಾಗೂ ಚೇರ್ ಕಾರ್‌ನಲ್ಲಿ ಮಾತ್ರ ಶೇ. 25. ಜೊತೆಗೆ ಬರುವ ಒಬ್ಬರಿಗೂ ಅಷ್ಟೇ ರಿಯಾಯಿತಿ, ಹಾಗಾಗಿ ನನ್ನ ಮನೆಯವಳೂ ನನ್ನ ಲೆಕ್ಕದಲ್ಲೇ ಊರು ನೋಡುತ್ತಾಳೆ. ಕಡಿತ ಮೂಲ ದರಕ್ಕಷ್ಟೇ. ರಿಸರ್ವೇಶನ್, ಸೂಪರ್‌ಫಾಸ್ಟ್ ಶುಲ್ಕ ಪೂರ್ತಿ ಕಟ್ಟಬೇಕು. ತತ್ಕಾಲ್‌ನಲ್ಲಿ ರಿಯಾಯಿತಿ ಇಲ್ಲ. 2020ರ ಮಾರ್ಚ್‌ನಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಂತಾಗಲೂ ದಿವ್ಯಾಂಗರದ್ದು ಉಳಿಯಿತು.

ನನ್ನ ಮಟ್ಟಿಗೆ ದುಡ್ಡಿಗಿಂತ ದೊಡ್ಡದು ಕೋಟಾ, ಅಂದರೆ ದಿವ್ಯಾಂಗರಿಗೆಂದೇ ಮೀಸಲಿಟ್ಟ ಬರ್ತ್‌ಗಳು. ಕೃತಕ ಕಾಲಿನ ಸಾಕೆಟ್ (ಉಳಿದ ತೊಡೆ ಕೂರುವ ಗೂಡು) ಸಡಿಲವಾದಾಗೆಲ್ಲ ಪುಣೆಯ ಸೇನಾ ಕೃತಕ ಅಂಗ ಕೇಂದ್ರಕ್ಕೆ ಹೋಗಬೇಕು, ಅದೂ ರಾತ್ರಿ ಪ್ರಯಾಣ. ಅಪ್ಪರ್ ಬರ್ತ್ ಹತ್ತುವ ಮಾತೇ ಇಲ್ಲ. ಕೋಟಾದಲ್ಲಿ ಲೋಯರ್ ಸಿಕ್ಕಿದರೂ ಇನ್ನೊಂದು ಪೇಚಾಟ ಇದ್ದೇ ಇದೆ: ಕಳಚಿದ ಕಾಲನ್ನು ಎಲ್ಲಿಡುವುದು? ಸೀಟಿನ ಕೆಳಗಿಟ್ಟರೆ ನಡುರಾತ್ರಿ ಹತ್ತಿದವರ ಸೂಟ್‌ಕೇಸ್ ಅದನ್ನು ಆಚೆ ತಳ್ಳಿರುತ್ತದೆ. ನಾನು ಶೂ ಸಮೇತ ಬರ್ತ್ ಮೇಲೇ ಗೋಡೆ ಬದಿಗೆ ಮಲಗಿಸಿ, ಮೇಲೆ ಹೊದಿಕೆ ಎಳೆದುಬಿಡುತ್ತೇನೆ. ಬೆಳಿಗ್ಗೆ "ಅಂಕಲ್, ಸ್ವಲ್ಪ ಸರಿದು ಕೂತ್ಕೊಳ್ತೀರಾ" ಅನ್ನುವವರು ಹೊದಿಕೆ ಸರಿದದ್ದೇ ಗಪ್‌ಚುಪ್.

ಅಂಗವಿಕಲರ ಬೋಗಿ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಬಾಗಿಲು ಅಗಲ, ವೀಲ್‌ಚೇರ್ ನುಗ್ಗುತ್ತದೆ, ಎಲ್ಲ ಸರಿ. ಆದರೆ ಸಾಮಾನ್ಯವಾಗಿ ರೈಲಿನ ತುದಿಯಲ್ಲಿ, ಗಾರ್ಡ್ ಪಕ್ಕದಲ್ಲಿರುತ್ತದೆ. ನಡೆಯಲಾಗದವನಿಗೇ ಅತಿ ದೂರದ ಬೋಗಿ! ಯಾರ ಲೆಕ್ಕಾಚಾರವೋ ಏನೋ.

ರಸ್ತೆಯ ವಿಷಯದಲ್ಲಿ ನಮ್ಮವರಲ್ಲೇ ಗೊಂದಲವಿದೆ. ಮಾಜಿ ಸೈನಿಕ ಎಂದ ಮಾತ್ರಕ್ಕೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಟೋಲ್ ವಿನಾಯಿತಿ ಇಲ್ಲ. ಪರಮವೀರ ಚಕ್ರದಿಂದ ಶೌರ್ಯ ಚಕ್ರದವರೆಗಿನ ಪದಕ ಪಡೆದವರಿಗೆ ಇದೆ. ಅಂಗವಿಕಲರಿಗೆಂದೇ ವಿನ್ಯಾಸ ಮಾಡಿದ ವಾಹನಕ್ಕೂ ಇದೆ. ಟೋಲ್ ಗೇಟಿನಲ್ಲಿ ಜಗಳಕ್ಕೆ ನಿಲ್ಲುವ ಮೊದಲು ಇದು ಗೊತ್ತಿರಲಿ.

ಕಾರ್ಡಿಗೆ ಅರ್ಜಿ ಹಾಕುವವರು ಸರ್ವಿಸ್ ದಾಖಲೆ, ಆಧಾರ್, ಅಂಗವೈಕಲ್ಯ ಪ್ರಮಾಣಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ಹೊಂದಿಸಿಕೊಳ್ಳಿ. ಸೈನ್ಯಕ್ಕೆ ಭರ್ತಿಯಾದ ದಿನ ಇನಿಶಿಯಲ್ ಬಿಟ್ಟುಹೋದವರು, ಅಪ್ಪನ ಹೆಸರೇ ಸರ್‌ನೇಮ್ ಆಗಿಬಿಟ್ಟವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.